ಮಂಡೆಕೋಲಿನ ಗುಡ್ಡಗಳು ಮತ್ತು ಮೊಬೈಲ್ ಬ್ರಾಡ್‌ಬ್ಯಾಂಡ್: ಒಂದು ಸಂವಾದ

ಸುಳ್ಯ ತಾಲ್ಲೂಕಿನ ಮಂಡೆಕೋಲು ಕರ್ನಾಟಕದ ಅಂಚಿನ ಗ್ರಾಮವಾಗಿದ್ದು, ಅದರಾಚೆಗೆ ಕಾಸರಗೋಡು ಜಿಲ್ಲೆಯ ನೆಲ ಆರಂಭವಾಗುತ್ತದೆ. ಕೊಡಗಿನ ಬೆಟ್ಟಗಳಿಂದ ಇಳಿದು ಸುಳ್ಯವನ್ನು ಹಾಯ್ದು ಬರುವ ಪಯಸ್ವಿನಿ ಗಡಿಯಾಚೆ ಚಂದ್ರಗಿರಿಯೆಂಬ ಹೆಸರು ಪಡೆದು ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಗುಡ್ಡದ ತಲೆಯಲ್ಲಿ ಕಾಡು ಅಥವಾ ರಬ್ಬರ್, ಇಳಿಜಾರಿನಲ್ಲಿ ಗೇರು, ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಬದಿಯಲ್ಲಿ ಮನೆ ಎಂಬ ಇಲ್ಲಿಯ ನೆಲದ ವಿನ್ಯಾಸವು ಮೊಬೈಲ್ ಬ್ರಾಡ್‌ಬ್ಯಾಂಡ್‌ಗೆ, ಅಂದರೆ ತಂತಿಯ ಹಂಗಿಲ್ಲದೆ ಕೈಯಲ್ಲಿನ ಸೆಟ್ಟಿಗೆ ತಲುಪಬೇಕಾದ ವೇಗದ ಇಂಟರ್‌ನೆಟ್ಟಿಗೆ, ಕಠಿಣ ಪರೀಕ್ಷೆಯಾಗಿದೆ. ಈ ಊರಿನ ಹಿರಿಯ ಕೃಷಿಕರೊಬ್ಬರಿಗೂ ಎಲೆಕ್ಟ್ರಾನಿಕ್ಸ್ ಬೋಧಿಸುವ ಕಿರಿಯ ಉಪನ್ಯಾಸಕರೊಬ್ಬರಿಗೂ ನಡುವೆ ನಡೆಯಬಹುದಾದ ಸಂವಾದದ ರೂಪದಲ್ಲಿ ಮುಂದಿನ ವಿವೇಚನೆ ಸಾಗುತ್ತದೆ.

ಕೃಷಿಕ: ಮಾಸ್ಟ್ರೇ, ಎರಡನೆಯ ತಲೆಮಾರು, ಮೂರನೆಯದು, ನಾಲ್ಕನೆಯದು, ಐದನೆಯದು ಎಂದು ಪತ್ರಿಕೆಗಳು ಮೆಟ್ಟಿಲು ಎಣಿಸಿದಂತೆ ಬರೆಯುತ್ತವೆ, ಆದರೆ ಗುಡ್ಡದ ಮೇಲೆ ಸಿಗುವ ರೇಂಜ್ ತೋಟಕ್ಕಿಳಿದರೆ ಸಿಗುವುದಿಲ್ಲವೆಂಬ ದೂರು ಮೊಬೈಲ್ ಬಂದ ಕಾಲದಿಂದ ಇಂದಿನವರೆಗೂ ಹಾಗೆಯೇ ಉಳಿದಿದೆಯಲ್ಲ. ತಲೆಮಾರು ಬದಲಾದರೂ ದೂರು ಬದಲಾಗದಿರುವುದಕ್ಕೆ ಕಾರಣವೇನು?

ಉಪನ್ಯಾಸಕ: ತಲೆಮಾರಿನ ಲೆಕ್ಕವು ವೇಗವನ್ನು ಹೇಳುತ್ತದೆಯೇ ಹೊರತು ತಲುಪುವ ದೂರವನ್ನು ಹೇಳುವುದಿಲ್ಲ, ಮಾವ. ದೂರವನ್ನು ಮುಖ್ಯವಾಗಿ ತೀರ್ಮಾನಿಸುವುದು ಕಂಪನಾಂಕ, ಅಂದರೆ ರೇಡಿಯೋ ಅಲೆಯು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆ ಎಂಬ ಸಂಖ್ಯೆ. ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳಿಗೆ ಒಂದು ಮೆಗಾಹರ್ಟ್ಜ್ ಎಂದು ಹೆಸರು. 900 ಮೆಗಾಹರ್ಟ್ಜ್‌ನ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. 2300 ಮೆಗಾಹರ್ಟ್ಜ್‌ನದು ಕೇವಲ 13. ಉದ್ದನೆಯ ಅಲೆಯು ಗುಡ್ಡದ ಅಂಚಿನಲ್ಲಿ ತುಸು ಬಾಗಿ ಮರೆಯ ತಗ್ಗಿಗೂ ಇಳಿಯುತ್ತದೆ, ಸೋಗೆಗಳ ನಡುವೆಯೂ ಹೆಚ್ಚು ಬಲಗುಂದದೆ ಸಾಗುತ್ತದೆ. ಗಿಡ್ಡನೆಯದು ಬಹುಮಟ್ಟಿಗೆ ನೇರ ಗೆರೆಯಲ್ಲಿ ಓಡುವುದರಿಂದ ಗುಡ್ಡ ಅಡ್ಡ ಬಂದಲ್ಲಿ ನಿಲ್ಲುತ್ತದೆ, ಒದ್ದೆಯಾದ ಎಲೆಗಳ ದಟ್ಟಣೆಯಲ್ಲಿ ಬೇಗ ಕ್ಷೀಣಿಸುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸುಳ್ಯ ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ತೊಡಕೆಂದರೆ, ವೇಗಕ್ಕೆ ಬೇಕಾದ ಅಗಲವಾದ ಕಂಪನಾಂಕದ ಪಟ್ಟಿಗಳು ಖಾಲಿಯಿದ್ದದ್ದು ಮೇಲಿನ ಹಂತಗಳಲ್ಲಿ. ಕೆಳಗಿನ ಹಂತಗಳನ್ನು ಆಕಾಶವಾಣಿ, ದೂರದರ್ಶನ, ರಕ್ಷಣಾ ಪಡೆ ಮೊದಲಾದವು ಹಿಂದೆಯೇ ಹಿಡಿದುಕೊಂಡಿದ್ದವು. ಆದ್ದರಿಂದ ಪ್ರತಿ ಹೊಸ ತಲೆಮಾರು ವೇಗವನ್ನು ಅರಸಿ ಮೇಲಕ್ಕೆ ಹೋದಂತೆಲ್ಲ ಗುಡ್ಡದ ಮರೆಯ ಮನೆಗೆ ಅದು ತಲುಪುವುದು ಕಷ್ಟವಾಗುತ್ತ ಬಂತು.

ಕೃಷಿಕ: ಹಾಗಾದರೆ ಮೊಬೈಲಿಗೆ ಮುಂಚಿನ ತಂತಿಯ ಫೋನು ಈ ನೆಲಕ್ಕೆ ಹೆಚ್ಚು ಹೊಂದುತ್ತಿತ್ತು ಎನ್ನಬೇಕೆ?

ಉಪನ್ಯಾಸಕ: ತಂತಿಗೆ ಗುಡ್ಡದ ಭಯವಿರಲಿಲ್ಲ, ಸಿಡಿಲಿನ ಮತ್ತು ಬೀಳುವ ಮರದ ಭಯವಿತ್ತು. ಆದರೂ ಹಳ್ಳಿಯ ದೂರವಾಣಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆಯ ಸ್ಥಾನವಿದೆ. ಕೇಂದ್ರ ಸರ್ಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದೆ ಬಿಸಿಲು ಧೂಳುಗಳ ನಡುವೆಯೂ ಕೆಲಸ ಮಾಡಬಲ್ಲ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿ, 1986ರಲ್ಲಿ ಅದನ್ನು ಮೊದಲು ಅಳವಡಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಊರಿನ ಹವೆ, ಊರಿನ ಕರೆಂಟು, ಊರಿನ ಬಡತನ ಇವನ್ನು ಮೊದಲು ಗಮನಿಸಿ ಯಂತ್ರವನ್ನು ಕಟ್ಟಿದ ಆ ಕ್ರಮ ಮುಂದೆ ಮೊಬೈಲಿನ ಕಾಲದಲ್ಲಿ ಬಹಳ ವರ್ಷ ಕಾಣಿಸಲಿಲ್ಲ. ಮೊಬೈಲ್ ತಂತ್ರಜ್ಞಾನಗಳನ್ನು ಭಾರತ ಹೊರಗಿನಿಂದ ಸಿದ್ಧವಾಗಿ ಕೊಂಡಿತು, ಅವುಗಳ ನಡುವಿನ ಪೈಪೋಟಿಯನ್ನೂ ಜೊತೆಗೇ ಕೊಂಡಿತು.

ಕೃಷಿಕ: ಆ ಪೈಪೋಟಿ ಯಾವುದು? ಒಂದು ಕಾಲದಲ್ಲಿ ಕೆಲವು ಸೆಟ್‌ಗಳಿಗೆ ಸಿಮ್ ಹಾಕಬೇಕಿತ್ತು, ಕೆಲವಕ್ಕೆ ಸಿಮ್ಮೇ ಇರುತ್ತಿರಲಿಲ್ಲ; ಒಂದರ ಸೆಟ್ಟು ಇನ್ನೊಂದಕ್ಕೆ ಆಗುತ್ತಿರಲಿಲ್ಲ.

ಉಪನ್ಯಾಸಕ: ಅದೇ ಮೊದಲ ಪೈಪೋಟಿ. ಯುರೋಪಿನಲ್ಲಿ ಹುಟ್ಟಿದ ಜಿಎಸ್‌ಎಂ ಒಂದು ಕಡೆ, ಅಮೆರಿಕದ ಕ್ವಾಲ್‌ಕಾಮ್ ಕಂಪೆನಿ ಬೆಳೆಸಿದ ಸಿಡಿಎಂಎ ಇನ್ನೊಂದು ಕಡೆ. ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಜ್ ಅಗಲದ ಒಂದು ಪಟ್ಟಿಯನ್ನು ಎಂಟು ಕಾಲಖಂಡಗಳಾಗಿ ಒಡೆದು ಎಂಟು ಕರೆಗಳಿಗೆ ಹಂಚಲಾಗುತ್ತದೆ. ಹೊಳೆಯ ಕಟ್ಟದ ನೀರನ್ನು ತೋಟದವರು ಸರದಿಯಂತೆ ತಿರುಗಿಸಿಕೊಳ್ಳುವ ಹಾಗೆ ಪ್ರತಿ ಕರೆಗೂ ಅದರ ಪಾಳಿ ಬಂದಾಗ ಮಾತ್ರ ಅಲೆ ದೊರೆಯುತ್ತದೆ. ಸಿಡಿಎಂಎಯಲ್ಲಿ ಪಾಳಿಯಿಲ್ಲ, 1.25 ಮೆಗಾಹರ್ಟ್ಜ್ ಅಗಲದ ಪಟ್ಟಿಯನ್ನು ಎಲ್ಲ ಕರೆಗಳೂ ಏಕಕಾಲಕ್ಕೆ ಬಳಸುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಸಂಕೇತವನ್ನು ಬೆರೆಸಿರುವುದರಿಂದ ಆಯಾ ಸೆಟ್ಟು ತನ್ನದನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಭಾರತದ ಮೊದಲ ಮೊಬೈಲ್ ಕರೆಯು 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಹೋದದ್ದು ಜಿಎಸ್‌ಎಂ ಮೂಲಕ. 2002ರ ಡಿಸೆಂಬರಿನಲ್ಲಿ ರಿಲಯನ್ಸ್ ಸಿಡಿಎಂಎಯನ್ನು ದೇಶದಾದ್ಯಂತ ತಂದಿತು, ಟಾಟಾ ಕೂಡ ಅದೇ ದಾರಿ ಹಿಡಿಯಿತು. ಈ ಸೇವೆಗೆ ದೊರೆತಿದ್ದ 800 ಮೆಗಾಹರ್ಟ್ಜ್‌ನ ಪಟ್ಟಿ ತೋಟದ ಊರುಗಳಿಗೆ ಬಹಳ ಒಗ್ಗುವಂಥದ್ದೆಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಮುಂದೆ ಅದು ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಕೃಷಿಕ: ಇಂಟರ್‌ನೆಟ್ಟು ಇವೆರಡರಲ್ಲಿ ಯಾವುದರೊಂದಿಗೆ ಬಂತು?

ಉಪನ್ಯಾಸಕ: ಎರಡರಲ್ಲೂ ಬಂತು, ಎರಡರಲ್ಲೂ ಮೊದಲಿಗೆ ನಿಧಾನವಾಗಿತ್ತು. ಜಿಎಸ್‌ಎಂಗೆ ಜಿಪಿಆರ್‌ಎಸ್ ಮತ್ತು ಎಡ್ಜ್ ಎಂಬ ಸೇರ್ಪಡೆಗಳಾದವು, ಅಂದರೆ ಖಾಲಿಯಿರುವ ಕಾಲಖಂಡಗಳಲ್ಲಿ ಮಾಹಿತಿಯನ್ನು ತುಂಡುತುಂಡಾಗಿ ಕಳುಹಿಸುವ ಏರ್ಪಾಡು. ಸಿಡಿಎಂಎಯವರು ಇವಿಡಿಒ ಎಂಬ ಪ್ರತ್ಯೇಕ ಮಾಹಿತಿ ಮಾರ್ಗವನ್ನು ತೆರೆದು, ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್‌ಗಳ ಮೂಲಕ ಸೆಕೆಂಡಿಗೆ 3.1 ಮೆಗಾಬಿಟ್‌ವರೆಗಿನ ವೇಗವನ್ನು ಮಾರಿದರು. ಬ್ರಾಡ್‌ಬ್ಯಾಂಡ್ ಎಂಬ ಮಾತಿನ ಅಳತೆಯೇ ಆಗ ಬೇರೆಯಿತ್ತು: 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್, ಅದು 2013ರಲ್ಲಿ 512ಕ್ಕೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು.

ಕೃಷಿಕ: ಮೂರನೆಯ ತಲೆಮಾರು ಬಂದಾಗ ಈ ಎರಡು ಪಂಥಗಳು ಒಂದಾದವೆಂದು ಕೇಳಿದ್ದುಂಟು.

ಉಪನ್ಯಾಸಕ: ವಿಚಿತ್ರವೆಂದರೆ ಜಿಎಸ್‌ಎಂನವರು ತಮ್ಮ ಮೂರನೆಯ ತಲೆಮಾರಿಗೆ ಎದುರಾಳಿಯ ಸಂಕೇತವಿಧಾನವನ್ನೇ 5 ಮೆಗಾಹರ್ಟ್ಜ್ ಅಗಲಕ್ಕೆ ಹಿಗ್ಗಿಸಿ ಎತ್ತಿಕೊಂಡರು, ಅದು ಡಬ್ಲ್ಯುಸಿಡಿಎಂಎ. ಭಾರತದಲ್ಲಿ ಸರ್ಕಾರಿ ಕಂಪೆನಿಗಳಾದ ಎಂಟಿಎನ್‌ಎಲ್ 2008ರ ಕೊನೆಯಲ್ಲೂ ಬಿಎಸ್‌ಎನ್‌ಎಲ್ 2009ರಲ್ಲೂ ಇದನ್ನು ಆರಂಭಿಸಿದವು. ಖಾಸಗಿಯವರಿಗಾಗಿ 2010ರ ಏಪ್ರಿಲ್ ಮೇ ತಿಂಗಳುಗಳಲ್ಲಿ 34 ದಿನ ಹರಾಜು ನಡೆದು ಸರ್ಕಾರಕ್ಕೆ 67 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂತು. ಹಾಗೆ ಕೊಂಡ ಪಟ್ಟಿ 2100 ಮೆಗಾಹರ್ಟ್ಜ್‌ನದು. ಅಷ್ಟು ಹಣ ತೆತ್ತ ಕಂಪೆನಿ ಜನ ಕಿಕ್ಕಿರಿದ ನಗರಗಳಲ್ಲಿ ಮೊದಲು ಟವರ್ ಏರಿಸದೆ, ಒಂದು ಗುಡ್ಡಕ್ಕೆ ಹತ್ತು ಮನೆಯಿರುವ ಕಡೆಗೆ ಬರುವುದುಂಟೆ? ಹಳ್ಳಿಯ ಸೇವೆಗೆಂದು ಕಂಪೆನಿಗಳ ಆದಾಯದಲ್ಲಿ ಶೇಕಡಾ 5ರಷ್ಟನ್ನು ಸರ್ಕಾರ 2002ರಿಂದ ಪ್ರತ್ಯೇಕವಾಗಿ ಸಂಗ್ರಹಿಸುತ್ತ ಬಂದಿದ್ದರೂ ಆ ನಿಧಿಯ ದೊಡ್ಡ ಪಾಲು ಬಹುಕಾಲ ಖರ್ಚಾಗದೆ ಉಳಿಯಿತು. ಗುಡ್ಡಗಾಡಿನ ಊರುಗಳಿಗೆ ಆದ ನಿಜವಾದ ಅನ್ಯಾಯವು ತಂತ್ರಜ್ಞಾನದಿಂದಲ್ಲ, ಈ ಲೆಕ್ಕಾಚಾರದಿಂದ ಆದದ್ದು.

ಕೃಷಿಕ: ಆ ಹರಾಜಿನ ವರ್ಷವೇ ವೈಮ್ಯಾಕ್ಸ್ ಎಂಬ ಹೆಸರೂ ಬಹಳ ಕೇಳಿಬರುತ್ತಿತ್ತು, ಆಮೇಲೆ ಅದು ಎಲ್ಲಿ ಹೋಯಿತು?

ಉಪನ್ಯಾಸಕ: ಅದು ಎರಡನೆಯ ದೊಡ್ಡ ಪೈಪೋಟಿ, ಮಾವ, ಮತ್ತು ಈ ಚರಿತ್ರೆಯಲ್ಲಿ ಹೆಚ್ಚು ಕಲಿಸುವ ಭಾಗ. ಕಂಪ್ಯೂಟರ್ ಲೋಕದ ಇಂಟೆಲ್ ಮೊದಲಾದವರು ವೈಮ್ಯಾಕ್ಸನ್ನು ಬೆಂಬಲಿಸಿದರು. ಮೊಬೈಲ್ ಲೋಕದ ಎರಿಕ್ಸನ್, ನೋಕಿಯಾಗಳಂಥವರು ಎಲ್‌ಟಿಇಯನ್ನು, ಅಂದರೆ ಇಂದು ನಾಲ್ಕನೆಯ ತಲೆಮಾರೆಂದು ಕರೆಯುವುದನ್ನು, ರೂಪಿಸಿದರು. ಒಳಗಿನ ತತ್ವ ಎರಡರದೂ ಒಂದೇ: ಮಾಹಿತಿಯನ್ನು ಒಂದೇ ವೇಗದ ಹೊನಲಾಗಿ ಕಳುಹಿಸದೆ ನೂರಾರು ಕಿರಿದಾದ ಉಪವಾಹಕಗಳ ಮೇಲೆ ಹರಡಿ, ಒಂದೊಂದರಲ್ಲೂ ನಿಧಾನವಾಗಿ ಕಳುಹಿಸುವುದು. ಇದಕ್ಕೆ ಒಎಫ್‌ಡಿಎಂ ಎಂದು ಹೆಸರು. ಗುಡ್ಡಗಳ ನಡುವೆ ಟವರಿನ ಅಲೆ ನೇರವಾಗಿಯೂ ಬರುತ್ತದೆ, ಎದುರಿನ ಗುಡ್ಡಕ್ಕೆ ಬಡಿದು ತಡವಾಗಿಯೂ ಬರುತ್ತದೆ; ಹಿಂದಿನ ಪದ್ಧತಿಗಳಲ್ಲಿ ಈ ಮಾರ್ದನಿಯು ಮುಂದಿನ ಅಕ್ಷರದ ಮೇಲೆ ಬಿದ್ದು ಅದನ್ನು ಕೆಡಿಸುವ ಅಪಾಯ ಹೆಚ್ಚು. ಎಲ್‌ಟಿಇಯಲ್ಲಿ ಪ್ರತಿ ಸಂಕೇತದ ಮೊದಲಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 4.7 ಭಾಗದಷ್ಟು ಕಾವಲು ಕಾಲವನ್ನು ಇಟ್ಟಿರುತ್ತಾರೆ. ಅಷ್ಟು ಹೊತ್ತಿನಲ್ಲಿ ರೇಡಿಯೋ ಅಲೆ 1,400 ಮೀಟರ್ ಸಾಗುವುದರಿಂದ, ನೇರ ದಾರಿಗಿಂತ 1,400 ಮೀಟರ್‌ವರೆಗೆ ಸುತ್ತಿ ಬಂದ ಮಾರ್ದನಿಯೂ ಕೆಡುಕು ಮಾಡುವುದಿಲ್ಲ. ಮಂಡೆಕೋಲಿನಂಥ ನೆಲಕ್ಕೆ ಇದು ದೊಡ್ಡ ವರ.

ಕೃಷಿಕ: ತತ್ವ ಒಂದೇ ಆಗಿದ್ದರೆ ಒಂದು ಬದುಕಿ ಒಂದು ಅಳಿದದ್ದು ಹೇಗೆ?

ಉಪನ್ಯಾಸಕ: ಗುಣದಲ್ಲಿ ಸೋತು ಅಳಿದದ್ದಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2007ರ ಅಕ್ಟೋಬರಿನಲ್ಲೇ ವೈಮ್ಯಾಕ್ಸನ್ನು ಮೂರನೆಯ ತಲೆಮಾರಿನ ಮಾನಕಗಳ ಪಟ್ಟಿಗೆ ಸೇರಿಸಿತ್ತು, ಅಂದರೆ ಕಾಲದಲ್ಲಿ ಅದೇ ಮುಂದಿತ್ತು. ಆದರೆ ಜಗತ್ತಿನ ಬಹುಪಾಲು ಮೊಬೈಲ್ ಕಂಪೆನಿಗಳ ಬಳಿ ಜಿಎಸ್‌ಎಂ ಇತ್ತು, ಎಲ್‌ಟಿಇ ಅದರ ಮೇಲೆಯೇ ಬೆಳೆಯುವಂತೆ ರಚಿತವಾಗಿತ್ತು. ಹಳೆಯ ವ್ಯವಸ್ಥೆಯನ್ನು ಕಿತ್ತು ಹಾಕದೆ ಹೊಸದನ್ನು ಸೇರಿಸಬಹುದಿತ್ತು, ಎಲ್‌ಟಿಇ ಸಿಗದಲ್ಲಿ ಸೆಟ್ಟು ತಾನಾಗಿ ಹಳೆಯದಕ್ಕೆ ಇಳಿಯುತ್ತಿತ್ತು. ಸಿಡಿಎಂಎಯ ದೊಡ್ಡ ಆಸರೆಯಾಗಿದ್ದ ಅಮೆರಿಕದ ವೆರೈಝನ್ ಕೂಡ 2007ರಲ್ಲಿ ಎಲ್‌ಟಿಇಯನ್ನು ಆಯ್ದುಕೊಂಡಿತು, ಕ್ವಾಲ್‌ಕಾಮ್ ತನ್ನದೇ ನಾಲ್ಕನೆಯ ತಲೆಮಾರಿನ ಯೋಜನೆಯನ್ನು 2008ರಲ್ಲಿ ಕೈಬಿಟ್ಟಿತು, 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ ನಗರಗಳಲ್ಲಿ ಮೊದಲ ಎಲ್‌ಟಿಇ ಸೇವೆ ಬಂತು. ಎಲ್ಲರೂ ಒಂದೇ ಕಡೆಗೆ ವಾಲಿದಾಗ ಸೆಟ್ಟಿನ ಬೆಲೆ ಆ ಕಡೆಯೇ ಇಳಿಯುತ್ತದೆ.

ಕೃಷಿಕ: ಭಾರತದ ನಿರ್ಧಾರ ಯಾವಾಗ ಆಯಿತು?

ಉಪನ್ಯಾಸಕ: 2010ರ ಜೂನಿನಲ್ಲಿ ಮುಗಿದ ಇನ್ನೊಂದು ಹರಾಜಿನಲ್ಲಿ. ಅಲ್ಲಿ 2300 ಮೆಗಾಹರ್ಟ್ಜ್‌ನ ಪಟ್ಟಿಯನ್ನು ಮಾರಿದ ಸರ್ಕಾರ ಯಾವ ತಂತ್ರಜ್ಞಾನ ಬಳಸಬೇಕೆಂದು ಹೇಳಲಿಲ್ಲ. ಇನ್‌ಫೋಟೆಲ್ ಎಂಬ ಕಂಪೆನಿ ಎಲ್ಲ 22 ವೃತ್ತಗಳಲ್ಲಿಯೂ ಗೆದ್ದಿತು, ಗೆದ್ದ ಕೂಡಲೇ ಅದನ್ನು ರಿಲಯನ್ಸ್ ಇಂಡಸ್ಟ್ರೀಸ್ ಕೊಂಡಿತು. ಇಂದಿನ ಜಿಯೋದ ಬೇರು ಅಲ್ಲಿದೆ. ವೃತ್ತವೆಂದರೆ ಪರವಾನಗಿಗಾಗಿ ದೇಶವನ್ನು ಹಂಚಿದ ಘಟಕ. ಕರ್ನಾಟಕ ಒಂದು, ಕೇರಳ ಇನ್ನೊಂದು. ಇನ್‌ಫೋಟೆಲ್‌ನ ಜೊತೆಗೆ ಕರ್ನಾಟಕದಲ್ಲಿ ಏರ್‌ಟೆಲ್ ಗೆದ್ದರೆ, ಕೇರಳದಲ್ಲಿ ಗೆದ್ದದ್ದು ಎಲ್‌ಟಿಇಯನ್ನು ಭಾರತಕ್ಕೆ ತರಲೆಂದೇ ಬಂದಿದ್ದ ಕ್ವಾಲ್‌ಕಾಮ್. ಹೀಗೆ ಇನ್‌ಫೋಟೆಲ್ ಬಿಟ್ಟರೆ ಮಂಡೆಕೋಲಿನ ಗಡಿಯ ಒಂದು ಮಗ್ಗುಲಿನ ಅಲೆಗೆ ಒಬ್ಬ ಒಡೆಯ, ಇನ್ನೊಂದು ಮಗ್ಗುಲಿಗೆ ಬೇರೊಬ್ಬ. ಕ್ವಾಲ್‌ಕಾಮ್‌ನ ಪಾಲನ್ನು ಮುಂದೆ ಏರ್‌ಟೆಲ್ ಕೊಂಡಿತು. ಏರ್‌ಟೆಲ್ 2012ರಲ್ಲಿ ಕೋಲ್ಕತ್ತದಲ್ಲಿಯೂ ಬಳಿಕ ಬೆಂಗಳೂರಿನಲ್ಲಿಯೂ ಎಲ್‌ಟಿಇ ಆರಂಭಿಸಿದಾಗ ದೇಶದ ಮಟ್ಟಿಗೆ ವೈಮ್ಯಾಕ್ಸಿನ ಕಥೆ ಮುಗಿದಿತ್ತು.

ಕೃಷಿಕ: ಗಡಿಯ ವಿಷಯದಲ್ಲಿ ಒಂದು ಮಾತಿದೆ, ಮಾಸ್ಟ್ರೇ. ಹೊಳೆಯ ಆಚೆಯೂ ಈಚೆಯೂ ಅದೇ ಕನ್ನಡ, ತುಳು. ಹೆಣ್ಣು ಕೊಟ್ಟು ತಂದ ಮನೆಗಳು ಎರಡು ಕಡೆಯೂ ಇವೆ. ಆದರೂ ಆಚೆಯ ಟವರಿನ ಅಲೆ ಸೆಟ್ಟಿಗೆ ಹತ್ತಿಕೊಂಡರೆ ಮನೆಯೊಳಗೆ ಕುಳಿತವರಿಗೂ ಹೊರರಾಜ್ಯದ ದರ ಬೀಳುತ್ತಿತ್ತು.

ಉಪನ್ಯಾಸಕ: ಅದಕ್ಕೆ ರೋಮಿಂಗ್ ಎಂದು ಹೆಸರು: ಸ್ವಂತ ವೃತ್ತದ ಹೊರಗಿನ ಜಾಲವನ್ನು ಬಳಸುವುದು, ಆಗ ಅದಕ್ಕೆ ಪ್ರತ್ಯೇಕ ಶುಲ್ಕ ತೆರಬೇಕಿತ್ತು. ಸೆಟ್ಟು ಬಲವಾದ ಅಲೆಯನ್ನು ಹುಡುಕುತ್ತದೆ, ರಾಜ್ಯವನ್ನು ಹುಡುಕುವುದಿಲ್ಲ. ಎದುರಿನ ಗುಡ್ಡದ ಟವರು ಕೇರಳದ್ದಾಗಿದ್ದು ಅದೇ ನೇರ ಗೆರೆಯಲ್ಲಿದ್ದರೆ ಗ್ರಾಹಕ ಎದ್ದು ನಡೆಯದೆಯೇ ಪ್ರವಾಸಿಯಾಗುತ್ತಿದ್ದ. ಪರವಾನಗಿಯ ಗಡಿ ದಾಟಿ ಅಲೆ ಹೆಚ್ಚು ಚೆಲ್ಲದಂತೆ ಕಂಪೆನಿಗಳು ಅಂಚಿನ ಟವರುಗಳ ಆಂಟೆನಾಗಳನ್ನು ಒಳಮುಖವಾಗಿ ತಿರುಗಿಸಿ ಬಲವನ್ನು ತಗ್ಗಿಸಬೇಕಾಗುವುದರಿಂದ, ಅಂಚಿನ ಊರು ಎರಡೂ ಕಡೆಯವರ ಬೆನ್ನಿಗೆ ಬೀಳುತ್ತದೆ. ದರದ ತೊಡಕು ಹಂತಹಂತವಾಗಿ ಕರಗಿತು: 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಉಚಿತಗೊಳಿಸಿತು, ಅದೇ ವರ್ಷದ ಜುಲೈ 3ರಿಂದ ಸಂಖ್ಯೆ ಬದಲಿಸದೆ ಇಡೀ ದೇಶದಲ್ಲಿ ಯಾವುದೇ ವೃತ್ತಕ್ಕೆ ಹೋಗಲು ಅವಕಾಶವಾಯಿತು. ಅಲೆಯ ತೊಡಕು ಮಾತ್ರ ಉಳಿದಿದೆ.

ಕೃಷಿಕ: 2016ರ ಬಳಿಕವಂತೂ ದರ ಪೂರ್ತಿ ಇಳಿದುಹೋಯಿತು.

ಉಪನ್ಯಾಸಕ: 2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾಯಿತು, ಅದರಲ್ಲಿ ಎರಡನೆಯ, ಮೂರನೆಯ ತಲೆಮಾರುಗಳೇ ಇಲ್ಲ, ಕರೆಯೂ ಇಂಟರ್‌ನೆಟ್ಟಿನ ಮಾಹಿತಿಯಾಗಿಯೇ ಸಾಗುತ್ತದೆ. 2014ರಲ್ಲಿ ಒಂದು ಗಿಗಾಬೈಟಿಗೆ ಸರಾಸರಿ 269 ರೂಪಾಯಿಯಷ್ಟಿದ್ದ ದರ ಕೆಲವೇ ವರ್ಷಗಳಲ್ಲಿ ಹತ್ತು ರೂಪಾಯಿಯ ಆಸುಪಾಸಿಗೆ ಬಂತು. 2025ರ ಮಾರ್ಚ್ ಹೊತ್ತಿಗೆ ದೇಶದ ಬ್ರಾಡ್‌ಬ್ಯಾಂಡ್ ಚಂದಾದಾರರು 94 ಕೋಟಿ, ಅವರಲ್ಲಿ ತಂತಿಯವರು ನಾಲ್ಕು ಕೋಟಿಯ ಆಸುಪಾಸು ಮಾತ್ರ. ತೋಟದ ಊರುಗಳ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ. 2300 ಮೆಗಾಹರ್ಟ್ಜ್ ಒಂದರಿಂದಲೇ ಹಳ್ಳಿಗಳನ್ನು ಮುಟ್ಟಲಾಗದೆಂದು ಅರಿತು ಜಿಯೋ ಕೂಡಿಸಿಕೊಂಡದ್ದು 800 ಮೆಗಾಹರ್ಟ್ಜ್‌ನ ಪಟ್ಟಿಯನ್ನು, ಅಂದರೆ ಸಿಡಿಎಂಎ ಓಡುತ್ತಿದ್ದ ಅದೇ ಪಟ್ಟಿಯನ್ನು. ಸೋತ ತಂತ್ರಜ್ಞಾನ ಹೋಯಿತು, ಅದರ ಕೆಳಗಿದ್ದ ಅಲೆ ಗೆದ್ದ ತಂತ್ರಜ್ಞಾನದ ಕೈಗೆ ಬಂತು. ಜೊತೆಜೊತೆಗೆ ಏರ್‌ಸೆಲ್ ದಿವಾಳಿಯಾಯಿತು, ಟಾಟಾ ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್‌ಗೆ ಬಿಟ್ಟಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಆಯ್ಕೆಗಳು ನಾಲ್ಕಕ್ಕೆ ಇಳಿದವು.

ಕೃಷಿಕ: ಆದರೂ 2021ರ ಜೂನಿನಲ್ಲಿ, ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ಇದೇ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಮಗಳು ಮಳೆಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ, ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೇ ನೋಡಿತು. ದರ ಇಳಿದದ್ದು ಆ ಮಗುವಿಗೆ ಏನು ಕೊಟ್ಟಿತು?

ಉಪನ್ಯಾಸಕ: ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗುಡ್ಡದ ಮರೆ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಟವರಿನಿಂದ ಮನೆಗೆ ಅಲೆ ತಲುಪಿದರೂ ಟವರಿಗೆ ಇಂಟರ್‌ನೆಟ್ ತಲುಪಬೇಕಷ್ಟೆ. ಆ ಹಿಂಬದಿಯ ಕೊಂಡಿ ಗಾಜಿನ ಎಳೆಯದಾಗಿದ್ದರೆ ಸಾವಿರಾರು ಮೆಗಾಬಿಟ್ ಹರಿಯುತ್ತದೆ, ಗುಡ್ಡದಿಂದ ಗುಡ್ಡಕ್ಕೆ ಹೊಡೆಯುವ ಮೈಕ್ರೋವೇವ್ ಆಗಿದ್ದರೆ ಬಹಳ ಕಡಿಮೆ, ಮತ್ತು ಆ ಕಡಿಮೆಯನ್ನೇ ಟವರಿನ ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಎಲ್ಲ ಮಕ್ಕಳೂ ಬೆಳಿಗ್ಗೆ ಹತ್ತಕ್ಕೆ ಪಾಠಕ್ಕೆ ಕುಳಿತಾಗ ರೇಂಜಿನ ಗೆರೆಗಳು ಪೂರ್ತಿಯಿದ್ದೂ ಚಿತ್ರ ನಿಂತುಹೋಗುವುದು ಇದರಿಂದ. ಇನ್ನೊಂದು ಕಾರಣ ಕರೆಂಟು. ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಟವರು ಬ್ಯಾಟರಿಯಲ್ಲಿ ನಡೆಯುತ್ತದೆ. ಬ್ಯಾಟರಿ ಹಳತಾಗಿದ್ದರೆ, ಜನರೇಟರಿಗೆ ಡೀಸೆಲ್ ಹಾಕುವವರಿಲ್ಲದಿದ್ದರೆ, ನಾಲ್ಕನೆಯ ತಲೆಮಾರೂ ಐದನೆಯದೂ ಒಟ್ಟಿಗೇ ಆರುತ್ತವೆ.

ಕೃಷಿಕ: ಐದನೆಯದು ಬೇರೇನನ್ನು ತರುತ್ತದೆ?

ಉಪನ್ಯಾಸಕ: 2022ರ ಅಕ್ಟೋಬರಿನಲ್ಲಿ ಆರಂಭವಾದ ಅದರ ಮುಖ್ಯ ಪಟ್ಟಿ 3300 ಮೆಗಾಹರ್ಟ್ಜ್‌ನ ಮೇಲಿದೆ, ಅಲೆಯ ಉದ್ದ 9 ಸೆಂಟಿಮೀಟರಿನ ಆಸುಪಾಸು. ಪೇಟೆಯ ಜನದಟ್ಟಣೆಗೆ ಅದು ಸರಿ. ತೋಟಕ್ಕೆ ಬೇಕಾದದ್ದು ಆ ಪಟ್ಟಿಯ ಜೊತೆಗೇ ಹರಾಜಿನಲ್ಲಿ ಮಾರಾಟವಾದ 700 ಮೆಗಾಹರ್ಟ್ಜ್. ಬಿಎಸ್‌ಎನ್‌ಎಲ್‌ಗೂ ಆ ಪಟ್ಟಿ ದೊರೆತಿದೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ ನಾಲ್ಕನೆಯ ತಲೆಮಾರನ್ನು ಒಯ್ಯಲು ಕೇಂದ್ರವು 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಿ-ಡಾಟ್‌ನ ತಂತ್ರಾಂಶ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೋ ಉಪಕರಣ, ಟಿಸಿಎಸ್‌ನ ಜೋಡಣೆ ಸೇರಿ ರೂಪುಗೊಂಡ ಬಿಎಸ್‌ಎನ್‌ಎಲ್‌ನ ಸ್ವದೇಶಿ ಜಾಲವು 2025ರ ಸೆಪ್ಟೆಂಬರ್ 27ರಂದು ವಿಧ್ಯುಕ್ತವಾಗಿ ಆರಂಭಗೊಂಡಿತು. ಕಿತ್ತೂರಿನಲ್ಲಿ ಹಳ್ಳಿಗೆಂದು ಯಂತ್ರ ಕಟ್ಟಿದ ಸಂಸ್ಥೆ ನಾಲ್ಕು ದಶಕಗಳ ತರುವಾಯ ಮತ್ತೆ ಹಳ್ಳಿಯ ಜಾಲದಲ್ಲಿದೆ ಎಂಬುದು ಸಂತೋಷದ ಸಂಗತಿ. ಅದು ಬ್ಯಾಟರಿಯನ್ನೂ ಎಳೆಯನ್ನೂ ಜೊತೆಗೆ ತಂದರೆ ಮಾತ್ರ ಪ್ರಯೋಜನ.

ಕೃಷಿಕ: ಹೊಸದು ಬಂದಾಗ ಹಳೆಯದನ್ನು ನಿಲ್ಲಿಸುತ್ತಾರಲ್ಲ, ಸಿಡಿಎಂಎ ನಿಂತಾಗ ಆ ಸೆಟ್‌ಗಳೆಲ್ಲ ವ್ಯರ್ಥವಾದವು. ಇನ್ನು ಎರಡನೆಯ ತಲೆಮಾರನ್ನೂ ನಿಲ್ಲಿಸಿದರೆ?

ಉಪನ್ಯಾಸಕ: ಜಗತ್ತಿನ ಅನುಭವ ವಿಚಿತ್ರವಾಗಿದೆ: ಅನೇಕ ಕಡೆ ಮೂರನೆಯದು ಮೊದಲು ಹೋಗಿ ಎರಡನೆಯದು ಉಳಿದಿದೆ. ಜರ್ಮನಿಯಲ್ಲಿ 2021ರಲ್ಲಿ ಹಾಗಾಯಿತು, ಭಾರತದಲ್ಲಿ ಏರ್‌ಟೆಲ್ ಅದಕ್ಕಿಂತ ಮೊದಲೇ ಹಾಗೆ ಮಾಡಿತ್ತು. ಅಗ್ಗದ ಸೆಟ್‌ಗಳೂ ಸಣ್ಣ ಯಂತ್ರಗಳೂ ಎರಡನೆಯದನ್ನೇ ನಂಬಿರುವುದು ಅದಕ್ಕೆ ಕಾರಣ. ಅಂಥ ಯಂತ್ರದ ಮಹತ್ವ ಇಲ್ಲಿಯ ಕೃಷಿಕರಿಗೆ ತಿಳಿಯದ್ದಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದಲ್ಲಿ ಮಳೆಮಾಪನ ಯಂತ್ರಗಳನ್ನು ಇಟ್ಟಿದೆ. ಸೌರಶಕ್ತಿಯಿಂದ ನಡೆಯುವ ಆ ಯಂತ್ರಗಳು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಜಿಪಿಆರ್‌ಎಸ್ ಮೂಲಕ ಬೆಂಗಳೂರಿಗೆ ಕಳುಹಿಸುವಂತೆ ರೂಪಿತವಾಗಿವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೂ ಕರಿಮೆಣಸಿಗೂ ಪರಿಹಾರ ನಿರ್ಧಾರವಾಗುವುದು ಅಂಥ ದತ್ತಾಂಶದಿಂದ. ಕೊಳೆರೋಗ ಬಂದ ವರ್ಷ ಒಂದು ಸಂಸಾರದ ಲೆಕ್ಕವನ್ನು ಸರಿದೂಗಿಸಬಹುದಾದ ಹಣವು ಕೆಲವೇ ಅಕ್ಷರಗಳಷ್ಟು ಪುಟ್ಟದಾದ, ನಿಧಾನಗತಿಯ ಹಳೆಯ ಜಾಲದಲ್ಲಿ ಸಾಗುವ ಮಾಹಿತಿಯ ಮೇಲೆ ನಿಂತಿದೆ.

ಕೃಷಿಕ: ಹಾಗಿದ್ದರೆ ಆ ಹಳೆಯ ಜಾಲವನ್ನು ನಿಲ್ಲಿಸುವ ದಿನ ಮೊದಲೇ ಪಂಚಾಯತಿಗೆ ತಿಳಿಯಬೇಕು. ವಿಮೆಯ ವರ್ಷ ಜುಲೈ 1ಕ್ಕೆ ಆರಂಭವಾಗುವುದರಿಂದ ಯಂತ್ರದ ಒಳಗಿನ ಮೋಡೆಮ್ ಬದಲಿಸುವುದಿದ್ದರೆ ಬೇಸಗೆಯಲ್ಲೇ ಬದಲಿಸಿ, ಏಪ್ರಿಲ್ ಮೇ ತಿಂಗಳ ಗುಡುಗುಮಳೆಯಲ್ಲಿ ಲೆಕ್ಕ ಸರಿಯಾಗಿ ಹೋಗುತ್ತದೆಯೇ ಎಂದು ನೋಡಿ, ಆ ಲೆಕ್ಕವನ್ನು ಪಂಚಾಯತ್ ಕಚೇರಿಯ ಫಲಕದಲ್ಲಿ ದಿನಾಲೂ ಬರೆಯಬೇಕು. ತೋಟದವರು ತಮ್ಮ ಅಂಗಳದ ಮಳೆಯ ಅಳತೆಯೊಂದಿಗೆ ಅದನ್ನು ಹೋಲಿಸಿ ನೋಡಲು ಸಾಧ್ಯವಾಗಬೇಕು.

ಉಪನ್ಯಾಸಕ: ನಾಲ್ಕನೆಯ ತಲೆಮಾರಿನಲ್ಲಿ ಇಂಥ ಯಂತ್ರಗಳಿಗೆಂದೇ ಕಡಿಮೆ ವೇಗದ, ಕಡಿಮೆ ವಿದ್ಯುತ್ತಿನ ಮೋಡೆಮ್‌ಗಳು ಇವೆ, ತಾಂತ್ರಿಕವಾಗಿ ಅಡ್ಡಿಯಿಲ್ಲ, ಮಾವ. ಯಂತ್ರ ಇರುವ ಜಾಗದಲ್ಲಿ ಕೆಳಗಿನ ಕಂಪನಾಂಕದ ನಾಲ್ಕನೆಯ ತಲೆಮಾರಿನ ಅಲೆ ಸಿಗುತ್ತದೆಯೇ ಎಂದು ಮಾತ್ರ ಮಳೆಗಾಲದ ನಡುವೆ, ಎಲೆಗಳು ಪೂರ್ತಿ ನೆನೆದಿರುವಾಗ ಅಳೆದು ನೋಡಬೇಕು, ಮತ್ತು ಆ ಅಳತೆ ಮುಗಿಯುವವರೆಗೆ ಹಳೆಯ ಜಾಲವನ್ನು ನಿಲ್ಲಿಸಬಾರದು.